ಹತ್ತು ಮಿಲಿಮೀಟರ್ ಸ್ಪ್ರಿಂಗು

ಕ್ರೇನಿನ ಬ್ರೇಕು ಕೆಲಸ ಮಾಡುವುದು ಹೇಗೆಂದು ತಿಳಿಯದೆ ಅದರ ಬಗ್ಗೆ ತೀರ್ಪು ಕೊಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅಂಥವರು ಬಹಳ ಮಂದಿ ಇದ್ದಾರೆ, ಎಲ್ಲರೂ ಒಳ್ಳೊಳ್ಳೆಯ ಕುರ್ಚಿಗಳಲ್ಲೇ ಕೂತಿದ್ದಾರೆ. ಕರೆಂಟು ಬಂದಾಗ ಬ್ರೇಕು ಹಿಡಿಯುತ್ತದೆ ಎಂದು ಅವರ ತಿಳಿವಳಿಕೆ. ನಿಜ ಪೂರಾ ಉಲ್ಟಾ. ಭಾರ ಎತ್ತುವ ಮೋಟರಿನ ದಂಡಕ್ಕೆ ಉಕ್ಕಿನ ಡ್ರಮ್ಮು ಕೂರಿಸಿರುತ್ತಾರೆ. ಅದರ ಎರಡು ಪಕ್ಕಕ್ಕೆ ಎರಡು ಬ್ರೇಕ್ ಶೂ. ಆ ಶೂಗಳನ್ನು ಡ್ರಮ್ಮಿಗೆ ಒತ್ತಿ ಹಿಡಿಯಲು ಒಂದು ದಪ್ಪ ಸ್ಪ್ರಿಂಗು. ಸ್ಪ್ರಿಂಗು ಹಗಲೂ ರಾತ್ರಿ ಒತ್ತುತ್ತಲೇ ಇರುತ್ತದೆ. ಆಪರೇಟರ್ ಲಿವರ್ ಎಳೆದಾಗ ಮಾತ್ರ ಥ್ರಸ್ಟರ್ ಎಂಬ ಎಣ್ಣೆ ತುಂಬಿದ ಸಣ್ಣ ಯಂತ್ರಕ್ಕೆ ಕರೆಂಟು ಹೋಗಿ, ಅದು ಸ್ಪ್ರಿಂಗಿಗೆ ಎದುರಾಗಿ ತಳ್ಳಿ ಶೂಗಳನ್ನು ಅಗಲಿಸುತ್ತದೆ. ಲಿವರ್ ಬಿಟ್ಟರೆ, ಫ್ಯೂಸು ಹೋದರೆ, ಊರಿಗೆ ಊರೇ ಕತ್ತಲಾದರೆ, ಸ್ಪ್ರಿಂಗು ಮತ್ತೆ ಹಿಡಿದುಕೊಳ್ಳುತ್ತದೆ. ಮನುಷ್ಯರನ್ನೂ ಕರೆಂಟನ್ನೂ ನಂಬದವರು ಯಾರೋ ಯೋಚಿಸಿ ಮಾಡಿದ ಏರ್ಪಾಡು ಅದು.

ನಾನು ಹೇಳಹೊರಟಿರುವುದು ಎರಡು ಸಾವಿರದ ದಶಕದ ಮಧ್ಯದ ಮಾತು. ನಾನಾಗ ಕೊಚ್ಚಿಯಲ್ಲಿ ಒಂದು ತಪಾಸಣೆ ಸಂಸ್ಥೆಯ ಇಂಜಿನಿಯರು, ಕಲೂರಿನಲ್ಲಿ ಬಾಡಿಗೆ ಕೋಣೆ. ಕಾಸರಗೋಡಿನ ಕಡೆಯವನಾದ್ದರಿಂದ ಮಲಯಾಳ ಬರುತ್ತಿತ್ತು, ಅದೇ ಕಾರಣಕ್ಕೆ ಬಂದರಿನ ಕ್ರೇನುಗಳೆಲ್ಲ ನನ್ನ ತಲೆಗೆ ಬಂದಿದ್ದವು. ಕ್ರೇನು ಸರಿಯಿದೆ ಎಂದು ನಾನು ಸಹಿ ಹಾಕಿದರೆ ಅದು ಒಂದು ವರ್ಷ ಓಡಬಹುದು. ಆ ಸಹಿಯ ಗತ್ತು ನನಗೆ ಚೆನ್ನಾಗಿಯೇ ನೆತ್ತಿಗೇರಿತ್ತು.

ಆ ವರ್ಷ ಜೂನಿನಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಖಾಸಗಿ ಗೋದಾಮಿನ ಹದಿನೈದು ಟನ್ನಿನ ಕ್ರೇನಿಗೆ ಸಹಿ ಹಾಕಿದ್ದೆ. ಅಕ್ಟೋಬರಿನ ಒಂದು ಬೆಳಿಗ್ಗೆ ಆ ಕ್ರೇನು ಹದಿನಾಲ್ಕು ಟನ್ನಿನ ಯಂತ್ರದ ಪೆಟ್ಟಿಗೆಯನ್ನು ಲಾರಿಯ ಮೇಲೆ ಎತ್ತಿ ಹಿಡಿದು ನಿಂತಿತ್ತು. ಆಪರೇಟರ್ ಲಿವರ್ ಬಿಟ್ಟಿದ್ದ. ಪೆಟ್ಟಿಗೆ ತನ್ನಷ್ಟಕ್ಕೆ ಕೆಳಗೆ ಜಾರತೊಡಗಿತು. ಸರಪಳಿ ಕಟ್ಟುವವನು ಲಾರಿಯಿಂದ ಹಾರಿ ಓಡಿದ. ಪೆಟ್ಟಿಗೆ ಎರಡು ಮೀಟರ್ ಇಳಿದು ಲಾರಿಯ ಮೇಲೆ ಕೂತಿತು, ಲಾರಿಯ ಹಿಂದಿನ ಆಕ್ಸಲ್ ಮುರಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಆಪರೇಟರನ್ನು ಸಸ್ಪೆಂಡ್ ಮಾಡಿದ್ದರು. ಇಪ್ಪತ್ತು ವರ್ಷದಿಂದ ಕ್ರೇನಿನ ಕ್ಯಾಬಿನ್ನಿನಲ್ಲೇ ಕೂತವನು, ಐವತ್ತರ ಹತ್ತಿರದವನು. ಹತ್ತು ದಿನದ ನಂತರ ತಿರುವನಂತಪುರದಲ್ಲಿ, ಗೋದಾಮಿನ ಕಂಪನಿಯ ಹೆಡ್ ಆಫೀಸಿನಲ್ಲಿ ವಿಚಾರಣೆ. ತಪ್ಪು ಅವನದೆಂದು ತೀರ್ಮಾನವಾದರೆ ಆ ಕ್ಯಾಬಿನ್ನಿಗೂ ಅವನಿಗೂ ಋಣ ತೀರಿತು.

ನಮ್ಮ ಸಂಸ್ಥೆಯ ಮುಖ್ಯಸ್ಥರು ಇದ್ದದ್ದೂ ತಿರುವನಂತಪುರದಲ್ಲೇ. ಬೆಂಗಳೂರಿನವರು. ಜನ್ಮದಲ್ಲಿ ಒಂದು ಕ್ರೇನಿನ ಏಣಿ ಹತ್ತಿದವರಲ್ಲ, ಆದರೆ ಹತ್ತಿದವರ ವರದಿಗಳಲ್ಲಿ ಅಲ್ಪವಿರಾಮ ತಿದ್ದುವುದರಲ್ಲಿ ಎತ್ತಿದ ಕೈ. ಅಂದೇ ಸಂಜೆ ಫೋನ್ ಮಾಡಿದರು.

"ನೋಡಪ್ಪಾ, ನಮ್ಮ ಸರ್ಟಿಫಿಕೇಟ್ ಇದೆ. ಸರ್ಟಿಫಿಕೇಟ್ ಇದೆ ಅಂದ್ರೆ ಬ್ರೇಕ್ ಸರಿಯಿತ್ತು ಅಂತ ತಾನೇ? ಇನ್ನೇನ್ ಉಳೀತು, ಆಪರೇಟ್ರು. ಹೋಗಿ ನೋಡ್ಕೊಂಡು ಎರಡು ಪೇಜ್ ಬರ್ಕೊಟ್ಬಿಡು."

ಈ ತರ್ಕ ಕೇಳಿ ಆವತ್ತು ನನಗೆ ನಗು ಬಂತು. ಆದರೆ ಒಪ್ಪಿಗೆಯಿತ್ತು. ಸರ್ಟಿಫಿಕೇಟು ಬರೆದವನು ನಾನಲ್ಲವೇ? ಅವರ ತಲೆ ಎಷ್ಟು ಖಾಲಿಯೋ ಅಷ್ಟೇ ನನ್ನ ತಲೆ ದಪ್ಪವಾಗಿತ್ತು.

ಮರುದಿನ ಬೆಳಿಗ್ಗೆ ಗೋದಾಮಿಗೆ ಹೋದೆ. ನಿರ್ವಹಣೆಯ ಸೂಪರ್‌ವೈಸರ್ ಬಾಗಿಲಲ್ಲೇ ಕಾದಿದ್ದ. ಇಸ್ತ್ರಿ ಮಾಡಿದ ಅಂಗಿ, ಕಿಸೆಯಲ್ಲಿ ಮೂರು ಪೆನ್ನು, ಉಗುರಿನಲ್ಲಿ ಒಂದು ಚೂರು ಗ್ರೀಸಿಲ್ಲ. ನಿರ್ವಹಣೆಯವನ ಉಗುರು ಅಷ್ಟು ಬೆಳ್ಳಗಿದ್ದರೆ ಏನರ್ಥ ಎಂದು ನನಗೆ ಆಗಲೇ ಹೊಳೆಯಬೇಕಿತ್ತು. ಅವನು ಮಾತಿಗಿಂತ ಮೊದಲು ಒಂದು ಪ್ಲಾಸ್ಟಿಕ್ ಚೀಲ ಮುಂದೆ ಹಿಡಿದ. ಒಳಗೆ ಒಂದು ಮರದ ಬೆಣೆ. ಕ್ರೇನಿನ ಮೇಲೆ, ಬ್ರೇಕಿನ ಪಕ್ಕದಲ್ಲಿ ಸಿಕ್ಕಿತಂತೆ.

ಬೆಣೆಯ ಕತೆ ಬಂದರಿನಲ್ಲಿ ಎಲ್ಲರಿಗೂ ಗೊತ್ತು. ಕರೆಂಟು ಹೋಗಿ ಭಾರ ನೇತಾಡುತ್ತಿದ್ದರೆ ಒಬ್ಬನು ಮೇಲೆ ಹತ್ತಿ ಬ್ರೇಕಿನ ಕೈಹಿಡಿಕೆಯನ್ನು ಎತ್ತಿ ಎತ್ತಿ ಬಿಟ್ಟು ನಿಧಾನವಾಗಿ ಇಳಿಸಬೇಕು. ಕೈ ಸೋಲುತ್ತದೆ ಎಂದು ಕೆಲವರು ಹಿಡಿಕೆಯ ಕೆಳಗೆ ಬೆಣೆ ತುರುಕುತ್ತಾರೆ. ತೆಗೆಯಲು ಮರೆತರೆ ಬ್ರೇಕು ಇದ್ದೂ ಇಲ್ಲದ ಹಾಗೆ. ಆಪರೇಟರ್ ಬೆಣೆ ಮರೆತಿದ್ದಾನೆ ಎಂದು ಸೂಪರ್‌ವೈಸರ್ ಘಂಟಾಘೋಷವಾಗಿ ಹೇಳಿದ. ನಾನು ಫೋಟೋ ತೆಗೆದೆ. ಮೂರು ಮೆಗಾಪಿಕ್ಸೆಲ್ಲಿನ ಆಫೀಸಿನ ಕ್ಯಾಮೆರಾದಲ್ಲಿ ಆ ಬೆಣೆ ಕೊಲೆಯ ಆಯುಧದ ಹಾಗೆ ಬಂತು. ಎರಡು ಪುಟದಲ್ಲಿ ಮುಕ್ಕಾಲು ಪುಟ ಅಲ್ಲಿಗೇ ಆಯಿತು.

ಆಪರೇಟರನ್ನೂ ಕರೆಸಿದೆ. ಗೇಟಿನ ಹೊರಗೆ ಚಹದಂಗಡಿಯ ಬೆಂಚಿನಲ್ಲಿ ಕೂತು ಮಾತಾಡಿದೆವು, ಯಾಕೆಂದರೆ ಸಸ್ಪೆಂಡ್ ಆದವನು ಒಳಗೆ ಬರುವ ಹಾಗಿಲ್ಲ. ಅವನ ಮಾತೆಲ್ಲ ಮಲಯಾಳದಲ್ಲಿ, ನಾನಿಲ್ಲಿ ನನ್ನ ಊರಿನ ಕನ್ನಡದಲ್ಲಿ ಕೊಡುತ್ತಿದ್ದೇನೆ. ಬೆಣೆ ತನ್ನದಲ್ಲ, ಫಿಟ್ಟರುಗಳದ್ದು, ವರ್ಷಗಟ್ಟಲೆ ಅಲ್ಲೇ ಬಿದ್ದಿದೆ ಎಂದ. ಲಿವರ್ ಬಿಟ್ಟಾಗ ಬ್ರೇಕು ಕೂರುವ ಸದ್ದು ಕೇಳಿತು, ಆದರೂ ಪೆಟ್ಟಿಗೆ ಇಳಿಯಿತು ಎಂದ. ಆಮೇಲೆ ಲೋಟ ಕೆಳಗಿಟ್ಟು ಹೇಳಿದ:

"ನಾನು ಜೂನ್‌ನಲ್ಲೇ ಸಾರಿಗೆ ಹೇಳಿದ್ದೇನೆ. ಬ್ರೇಕು ಎಳೀತದೆ, ನಿಲ್ಲುವಾಗ ಒಂದು ಗೇಣು ಕೆಳಗೆ ಹೋಗಿ ನಿಲ್ತದೆ ಅಂತ. ಸಾರಿಗೆ ನೆನಪುಂಟಾ?"

ನೆನಪಿತ್ತು. ತಪಾಸಣೆಯ ದಿನ ಕ್ಯಾಬಿನ್ನಿನಿಂದ ತಲೆ ಹೊರಹಾಕಿ ಅವನು ಹಾಗೆ ಹೇಳಿದ್ದು ನಿಜ. ನೀನು ಲಿವರ್ ಬಿಡುವುದು ತಡವಾಗುತ್ತಿದೆ, ಕೈಗೆ ವಯಸ್ಸಾಗಿದೆ ಎಂದು ನಾನು ಕೆಳಗಿನಿಂದ ನಕ್ಕಿದ್ದೂ ನಿಜ. ಸುತ್ತ ನಿಂತವರು ನಕ್ಕಿದ್ದರು. ಆದರೆ ಬೆಂಚಿನಲ್ಲಿ ಕೂತಾಗ ನನಗೆ ಅನಿಸಿದ್ದು ಬೇರೆಯೇ. ಬ್ರೇಕಿನ ಬಗ್ಗೆ ದೂರು ಹೇಳದ ಆಪರೇಟರನ್ನು ನಾನು ಕಂಡಿಲ್ಲ, ಈಗ ಸಿಕ್ಕಿಬಿದ್ದಿದ್ದಾನೆ, ಹುಲ್ಲುಕಡ್ಡಿ ಹಿಡಿಯುತ್ತಿದ್ದಾನೆ, ಅಷ್ಟೇ. ಬ್ರೇಕು ಅಳೆದಿದ್ದೇನೆ ಚೇಟ್ಟಾ, ಅಳತೆ ಸುಳ್ಳು ಹೇಳುವುದಿಲ್ಲ ಎಂದೆ. ಅವನು ಲೋಟ ಮತ್ತೆ ಕೈಗೆತ್ತಿಕೊಂಡ. ಚಹಾ ಮುಗಿಸಿ ಎದ್ದು ದೋಣಿಯ ಜೆಟ್ಟಿಯ ಕಡೆ ನಡೆದ.

ವರದಿ ಬರೆಯಲು ಕೂತಾಗ ಮೊದಲ ತೊಡಕು ಬಂತು. ಸರಪಳಿ ಕಟ್ಟುವವನ ಹೇಳಿಕೆ ಓದುತ್ತಿದ್ದೆ. ಪೆಟ್ಟಿಗೆ ಜಾರುವುದು ಕಂಡು ಅವನು ಕೂಗಿ, ಲಾರಿಯಿಂದ ಹಾರಿ, ಕಂಬದ ಹಿಂದೆ ಹೋಗಿ ತಿರುಗಿ ನೋಡಿದಾಗಲೂ ಪೆಟ್ಟಿಗೆ ಇಳಿಯುತ್ತಲೇ ಇತ್ತಂತೆ. ಹಾಗಾದರೆ ಕನಿಷ್ಠ ಏಳೆಂಟು ಸೆಕೆಂಡು. ಬೆಣೆ ಹಾಕಿ ಬ್ರೇಕು ಪೂರ್ತಿ ತೆರೆದಿದ್ದರೆ ಹದಿನಾಲ್ಕು ಟನ್ನು ಎರಡು ಮೀಟರ್ ಬೀಳಲು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆಯೇ? ಮೋಟರನ್ನೂ ಗೇರನ್ನೂ ತಿರುಗಿಸಿಕೊಂಡು, ನೋಡನೋಡುತ್ತಿದ್ದಂತೆ ವೇಗ ಏರಿಸಿಕೊಂಡು ಲಾರಿಯನ್ನು ಚಪ್ಪಟೆ ಮಾಡಿರುತ್ತಿತ್ತು. ಇದು ಬಿದ್ದದ್ದಲ್ಲ, ಜಾರಿದ್ದು. ಬ್ರೇಕು ಹಿಡಿದೇ ಇತ್ತು, ಹಿಡಿತ ಸಾಕಾಗಿರಲಿಲ್ಲ. ಬೆಣೆಯ ಕತೆಗೆ ತಲೆಯೂ ಇಲ್ಲ ಬುಡವೂ ಇಲ್ಲ. ಮುಕ್ಕಾಲು ಪುಟ ಹರಿದು ಬುಟ್ಟಿಗೆ ಹಾಕಿದೆ. ಅದು ಪ್ರಾಮಾಣಿಕತೆಯಿಂದ ಅಲ್ಲ. ಸೂಪರ್‌ವೈಸರ್ ನನ್ನ ಕಣ್ಣಿಗೆ ಮಣ್ಣೆರಚಲು ನೋಡಿದನಲ್ಲ, ನನ್ನನ್ನು ಅಷ್ಟು ಬೆಪ್ಪ ಎಂದುಕೊಂಡನಲ್ಲ ಎಂಬ ಸಿಟ್ಟಿನಿಂದ.

ಮತ್ತೆ ಗೋದಾಮಿಗೆ ಹೋದೆ. ಕೊಕ್ಕೆಯನ್ನು ನೆಲಕ್ಕೆ ಇಳಿಸಿ, ಮೈನ್ ಸ್ವಿಚ್ ತೆಗೆಸಿ ಬೀಗ ಹಾಕಿಸಿ, ಬೀಗದ ಕೈ ಕಿಸೆಗೆ ಹಾಕಿಕೊಂಡು ಏಣಿ ಹತ್ತಿದೆ. ಡ್ರಮ್ಮಿನ ಮೇಲೆ ನೀಲಿ ಬಣ್ಣದ ಸುಟ್ಟ ಪಟ್ಟೆಗಳಿದ್ದವು. ಶೂಗಳ ಒಳಮೈಗೆ ಅಂಟಿಸಿದ ಲೈನಿಂಗ್ ಗಾಜಿನ ಹಾಗೆ ನುಣುಪಾಗಿತ್ತು. ಥ್ರಸ್ಟರಿನಿಂದ ಎಣ್ಣೆ ಜಿನುಗಿ ಡ್ರಮ್ಮಿನ ಅಂಚಿಗೆ ಹರಡಿತ್ತು. ಸ್ಪ್ರಿಂಗಿನ ಉದ್ದ ಅಳೆದೆ. ತಯಾರಕರ ಫಲಕದಲ್ಲಿ ನೂರ ಎಂಬತ್ತು ಮಿಲಿಮೀಟರ್ ಎಂದಿತ್ತು, ಈಗ ನೂರ ಎಂಬತ್ತಮೂರು. ಲೈನಿಂಗ್ ಸವೆದಷ್ಟೂ ಸ್ಪ್ರಿಂಗು ಉದ್ದವಾಗುತ್ತದೆ, ಉದ್ದವಾದಷ್ಟೂ ಅದರ ಒತ್ತು ಕಡಿಮೆಯಾಗುತ್ತದೆ.

ಅಲ್ಲೇ ಕೂತು ಲೆಕ್ಕ ಹಾಕಿದೆ. ಬಿಡಿಯಾಗಿದ್ದಾಗ ಸ್ಪ್ರಿಂಗಿನ ಉದ್ದ ಇನ್ನೂರ ನಲವತ್ತು, ಅಂದರೆ ಅರವತ್ತು ಮಿಲಿಮೀಟರ್ ಒತ್ತಿ ಕೂರಿಸಬೇಕು. ಮೂರು ಕಡಿಮೆಯಾದರೆ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು. ಈ ಬ್ರೇಕು ಕ್ರೇನು ಎತ್ತಬಹುದಾದ ಭಾರದ ಒಂದೂವರೆ ಪಟ್ಟು ಹಿಡಿಯುವಂತೆ ಮಾಡಿದ್ದು, ಅಂದರೆ ಇಪ್ಪತ್ತೆರಡೂವರೆ ಟನ್ನು. ಸವೆತದ ಪಾಲು ಕಳೆದರೆ ಇಪ್ಪತ್ತೊಂದು ಚಿಲ್ಲರೆ. ಎಣ್ಣೆಯ ಪಸೆಗೆ ನಾಲ್ಕರಲ್ಲಿ ಒಂದು ಪಾಲು ಧಾರಾಳವಾಗಿ ಬಿಟ್ಟುಕೊಟ್ಟರೂ ಹದಿನಾರು ಟನ್ನು ಉಳಿಯುತ್ತದೆ. ಜಾರಿದ್ದು ಹದಿನಾಲ್ಕು. ಲೆಕ್ಕ ಕೂಡುತ್ತಿಲ್ಲ. ಸ್ಪ್ರಿಂಗಿನ ತಂತಿಯ ದಪ್ಪವನ್ನು ವರ್ನಿಯರ್ ಅಳತೆಗೋಲಿನ ದವಡೆಗೆ ಸಿಕ್ಕಿಸಿ ಮತ್ತೆ ಅಳೆದೆ. ವರ್ನಿಯರ್ ಹತ್ತು ಮಿಲಿಮೀಟರ್ ತೋರಿಸಿತು. ಜೂನಿನಲ್ಲಿ ಬರೆದದ್ದೂ ಅದೇ, ಫಲಕದಲ್ಲಿ ಇದ್ದದ್ದೂ ಅದೇ.

ಒಂದು ಗಂಟೆ ಅಲ್ಲೇ ಕೂತಿದ್ದೆ. ತಗಡಿನ ಛಾವಣಿಯ ಕೆಳಗೆ ಅಕ್ಟೋಬರಿನ ಸೆಕೆ, ಅಂಗಿ ಬೆನ್ನಿಗೆ ಅಂಟಿತ್ತು. ಸ್ಪ್ರಿಂಗಿನ ಮೇಲಿನ ಹಳದಿ ಬಣ್ಣದಲ್ಲಿ ಎರಡು ಸಣ್ಣ ಗೀರುಗಳು ಕಂಡವು. ಎದುರುಬದುರಾಗಿ, ನೆಟ್ಟಗೆ. ಯಾವುದೋ ಉಪಕರಣದ ದವಡೆ ಹಸಿ ಬಣ್ಣಕ್ಕೆ ಒತ್ತಿದ ಗುರುತು. ವರ್ನಿಯರನ್ನು ಆ ಗೀರಿಗೆ ಹಿಡಿದೆ. ಸರಿಯಾಗಿ ಕೂತಿತು. ನನ್ನದೇ ವರ್ನಿಯರ್, ಜೂನಿನದೇ ಗುರುತು. ಗೀರಿನ ಆಳದಲ್ಲಿ ಕೆಂಪು ಪ್ರೈಮರ್ ಇಣುಕುತ್ತಿತ್ತು.

ನಮ್ಮ ತಪಾಸಣೆಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಇನ್‌ಸ್ಪೆಕ್ಟರ್ ಬರುತ್ತಾನೆಂದರೆ ಗೋದಾಮಿನವರು ಮೊದಲು ಮಾಡುವ ಕೆಲಸ ಬಣ್ಣ ಬಳಿಯುವುದು. ಕಂಬಕ್ಕೆ, ತೊಲೆಗೆ, ಗೇರ್ ಬಾಕ್ಸಿಗೆ, ನಟ್ಟಿಗೆ, ಬೋಲ್ಟಿಗೆ, ಸ್ಪ್ರಿಂಗಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ. ಹಳೆಯ ಬಣ್ಣ ಕೆರೆಯುವ ಗೋಜಿಲ್ಲ, ಅದರ ಮೇಲೆ ಪ್ರೈಮರ್, ಅದರ ಮೇಲೆ ಎರಡು ಕೈ ಹಳದಿ. ಬಂದ ಇನ್‌ಸ್ಪೆಕ್ಟರ್ ಹೊಳೆಯುವ ಕ್ರೇನು ನೋಡಿ ನಿರ್ವಹಣೆ ಚೆನ್ನಾಗಿದೆ ಎಂದು ಮೊದಲ ಸಾಲಲ್ಲೇ ಬರೆಯುತ್ತಾನೆ. ನಾನೂ ಬರೆದಿದ್ದೆ. ಮದುಮಗಳ ಮುಖ ನೋಡಿದವರ ಹಾಗೆ ಹಲ್ಲು ಕಿರಿದು ಬರೆದಿದ್ದೆ.

ಚಾಕುವಿನಿಂದ ಕೆರೆದೆ. ಹಳದಿ, ಹಳದಿ, ಕೆಂಪು, ಮತ್ತೆ ಹಳದಿ, ಹಳದಿ, ಕೆಂಪು. ಎರಡು ತಪಾಸಣೆಯ ಬಣ್ಣ. ಉಕ್ಕು ಕಂಡ ಮೇಲೆ ವರ್ನಿಯರ್ ಹಿಡಿದೆ. ಒಂಬತ್ತೂವರೆ ಮಿಲಿಮೀಟರ್.

ಅರ್ಧ ಮಿಲಿಮೀಟರ್ ತಾನೇ ಎಂದು ಕುರ್ಚಿಯವರು ಕೇಳುತ್ತಾರೆ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ದಪ್ಪ ಇಪ್ಪತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬಿಗಿ ಐದರಲ್ಲಿ ಒಂದು ಪಾಲು ಹೋಗುತ್ತದೆ. ಉದ್ದ ಸರಿಯಾಗಿ ಹೊಂದಿಸಿದರೂ ಒತ್ತು ಬರುವುದಿಲ್ಲ. ಹದಿನಾರು ಟನ್ನಿನಿಂದ ಆ ಪಾಲು ಕಳೆದು ನೋಡಿ, ಹದಿಮೂರು. ಜಾರಿದ್ದು ಹದಿನಾಲ್ಕು. ಎಣ್ಣೆ ಒಂದೇ ಆಗಿದ್ದರೆ ತಡೆಯುತ್ತಿತ್ತು, ಸವೆತ ಒಂದೇ ಆಗಿದ್ದರೂ ತಡೆಯುತ್ತಿತ್ತು. ಬಡಪಾಯಿ ಸ್ಪ್ರಿಂಗು ಎಷ್ಟಕ್ಕೆಂದು ಒತ್ತುತ್ತದೆ?

ಸೂಪರ್‌ವೈಸರನ್ನು ಕೇಳಿದೆ. ಮೊದಲು ಕಣ್ಣು ಬಿಟ್ಟ. ಆಮೇಲೆ, ಹಳೆಯ ಸ್ಪ್ರಿಂಗು ಎರಡು ವರ್ಷದ ಹಿಂದೆ ಮುರಿದಿತ್ತು, ತಯಾರಕರಿಂದ ತರಿಸಲು ತಿಂಗಳುಗಟ್ಟಲೆ ಆಗುತ್ತಿತ್ತು, ಮಟ್ಟಾಂಚೇರಿಯ ಒಂದು ಗುಜರಿ ಅಂಗಡಿಯಲ್ಲಿ ಅದೇ ಸ್ಪ್ರಿಂಗು ಸಿಕ್ಕಿತು ಎಂದ. ಅದೇ ಅಂದರೆ ಹೇಗೆ ಗೊತ್ತಾಯಿತು ಎಂದೆ. ಪಕ್ಕದಲ್ಲಿ ಇಟ್ಟು ನೋಡಿದೆವು, ಎತ್ತರ ಸಮ ಇತ್ತು, ಸುತ್ತು ಎಣಿಸಿದೆವು, ಅದೂ ಸಮ ಇತ್ತು ಎಂದ. ಚಪ್ಪಲಿ ಕೊಳ್ಳುವವರೂ ಇದಕ್ಕಿಂತ ಹೆಚ್ಚು ನೋಡಿ ಕೊಳ್ಳುತ್ತಾರೆ. ಆದರೆ ಅವನನ್ನು ಬಯ್ಯಲು ಬಾಯಿ ಬರಲಿಲ್ಲ. ಅವನು ಅಳೆಯದೆ ಹಾಕಿದ್ದ, ನಾನು ಅಳೆದು ಸರಿ ಎಂದಿದ್ದೆ. ಇಬ್ಬರಲ್ಲಿ ಯಾರು ದೊಡ್ಡ ದಡ್ಡ ಎಂದು ಕೇಳಿದರೆ ನನಗೆ ಸಂಶಯವಿಲ್ಲ. ಇನ್ನೊಂದೂ ಇದೆ. ಜೂನಿನ ಭಾರ ಪರೀಕ್ಷೆಗೆ ಹದಿನೈದು ಟನ್ನಿನ ತೂಕ ಸಿಗಲಿಲ್ಲವೆಂದು ಹನ್ನೆರಡಕ್ಕೇ ಮುಗಿಸಿ, ಲಭ್ಯವಿದ್ದ ಭಾರದಲ್ಲಿ ತೃಪ್ತಿಕರ ಎಂದು ಬರೆದವನೂ ನಾನೇ.

ನಟ್ಟನ್ನು ಸುತ್ತು ಸುತ್ತಾಗಿ ಸಡಿಲಿಸಿ ಸ್ಪ್ರಿಂಗು ಬಿಚ್ಚಿಸಿದೆ. ಪರಿಚಯದ ಒಂದು ಕಾಲೇಜಿನ ಲ್ಯಾಬಿಗೆ ಒಯ್ದು ಯಂತ್ರದಲ್ಲಿ ಒತ್ತಿಸಿದೆ. ಅರವತ್ತು ಮಿಲಿಮೀಟರ್ ಒತ್ತಿದಾಗ ಮುನ್ನೂರ ಹದಿನೈದು ಕಿಲೋ ತೋರಿಸಬೇಕಿತ್ತು, ಇನ್ನೂರೈವತ್ತಕ್ಕೆ ಮುಳ್ಳು ನಿಂತಿತು. ಮೂರು ಸಲ ಒತ್ತಿಸಿದೆ, ಮೂರು ಸಲವೂ ಅಷ್ಟೇ.

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಇಲ್ಲಿ ಒಂದು ತೊಂದರೆ ಉಂಟು ಸರ್ ಎಂದು ಎಲ್ಲ ಹೇಳಿದೆ. ಅವರು ಪೂರಾ ಕೇಳಿಸಿಕೊಂಡು ಕೇಳಿದರು:

"ನೀನೇ ಅಳೆದಿದ್ದು ಅಂತ ಬರೀತೀಯಾ? ನಿನ್ ಸಹಿ ಹೋಗುತ್ತಪ್ಪಾ. ಬ್ರೇಕ್ ಸವೆದಿತ್ತು, ಎಣ್ಣೆ ಇತ್ತು, ಬೆಣೆನೂ ಸಿಕ್ತು ಅಂತ ಬರಿ. ಯಾವ್ದೂ ಸುಳ್ಳಲ್ವಲ್ಲ."

ಹೌದು, ಯಾವುದೂ ಸುಳ್ಳಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಾನು ಎರಡು ದಿನ ಯೋಚಿಸಿದೆ. ಸಹಿ ಹೋದರೆ ನನ್ನ ಕೆಲಸ ಕ್ರೇನು ಹತ್ತುವುದರಿಂದ ಫೈಲು ಹೊರುವುದಕ್ಕೆ ಇಳಿಯುತ್ತದೆ. ಕೊನೆಗೆ ಪೂರಾ ಬರೆದೆ. ಸ್ಪ್ರಿಂಗು ಬದಲಾದದ್ದು, ಬಣ್ಣದ ಮೇಲಿಂದ ಅಳೆದದ್ದು, ಅಳೆದವನು ನಾನೇ ಎಂಬುದು, ಹನ್ನೆರಡು ಟನ್ನಿನ ಪರೀಕ್ಷೆ, ಬೆಣೆಗೂ ಇದಕ್ಕೂ ಸಂಬಂಧ ಯಾಕಿಲ್ಲ ಎಂಬುದು, ಎಲ್ಲ. ಆರು ಪುಟ. ಓದಿ ನೋಡಿದಾಗ ಎದೆ ಉಬ್ಬಿತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ವಿಚಾರಣೆಯ ದಿನ ಬೆಳಗಿನ ಗಾಡಿಗೆ ತಿರುವನಂತಪುರಕ್ಕೆ ಹೋದೆ. ಬಟ್ಟೆಯ ಚೀಲದಲ್ಲಿ ಸ್ಪ್ರಿಂಗು. ಆಪರೇಟರ್ ಅದೇ ಗಾಡಿಯಲ್ಲಿ ಬೇರೆ ಡಬ್ಬಿಯಲ್ಲಿ ಬಂದಿದ್ದನೆಂದು ಸ್ಟೇಷನ್ನಿನಲ್ಲಿ ಇಳಿದ ಮೇಲೆ ಗೊತ್ತಾಯಿತು. ಒಗೆದ ಬಿಳಿ ಮುಂಡು, ಕೈಯಲ್ಲಿ ಒಂದು ಫೈಲು. ನೋಡಿ ತಲೆ ಆಡಿಸಿದ. ನಾನು ಬೆನ್ನು ತಟ್ಟಿ, ಹೆದರಬೇಡಿ ಚೇಟ್ಟಾ, ಎಲ್ಲ ಬರೆದಿದ್ದೇನೆ ಎಂದೆ.

ಸಮಿತಿಯಲ್ಲಿ ಮೂವರು. ಕಂಪನಿಯ ಸಿಬ್ಬಂದಿ ಅಧಿಕಾರಿ, ಒಬ್ಬ ನಿವೃತ್ತ ಇಂಜಿನಿಯರು, ಇನ್ನೊಬ್ಬರು ಯಾಕಿದ್ದರೆಂದು ಕಡೆಯವರೆಗೂ ತಿಳಿಯಲಿಲ್ಲ. ಮೂರನೆಯವರು ಸ್ಪ್ರಿಂಗನ್ನು ಮೇಜಿನ ಮೇಲೆ ನಿಲ್ಲಿಸಿ ಅಂಗೈಯಿಂದ ಒತ್ತಿ, ಗಟ್ಟಿಯಾಗಿಯೇ ಇದೆಯಲ್ಲ ಎಂದರು. ಇನ್ನೂರೈವತ್ತು ಕಿಲೋದ ಸ್ಪ್ರಿಂಗು ಅವರ ಅಂಗೈಗೆ ಗಟ್ಟಿಯಾಗದೆ ಮೆತ್ತಗಾಗುತ್ತದೆಯೇ? ಸಿಬ್ಬಂದಿ ಅಧಿಕಾರಿ, ಹಾಗಾದರೆ ಬಣ್ಣ ಬಳಿಯುವುದು ತಪ್ಪೇ ಎಂದು ಕೇಳಿದರು. ನಿವೃತ್ತ ಇಂಜಿನಿಯರಿಗೆ ಮಾತ್ರ ವಿಷಯ ಅರ್ಥವಾಯಿತು. ಅವರು ವರದಿ ಮುಚ್ಚಿಟ್ಟು, ತನ್ನ ತಪ್ಪನ್ನು ತಾನೇ ಬರೆದ ಇನ್‌ಸ್ಪೆಕ್ಟರನ್ನು ನನ್ನ ಇಡೀ ಸರ್ವಿಸಿನಲ್ಲಿ ಕಂಡಿಲ್ಲ ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಗೋಡೆಯ ಬದಿಗೆ ಕೂತಿದ್ದ ನಮ್ಮ ಮುಖ್ಯಸ್ಥರೂ, ತಾವೇ ಬರೆಸಿದವರ ಹಾಗೆ ತಲೆದೂಗಿದರು.

ಆಮೇಲೆ ಸಿಬ್ಬಂದಿ ಅಧಿಕಾರಿ ಸೂಪರ್‌ವೈಸರನ್ನು ಕೇಳಿದರು, ಬ್ರೇಕಿನಲ್ಲಿ ದೋಷವಿದೆಯೆಂದು ಆಪರೇಟರ್ ಮೊದಲೇ ತಿಳಿಸಿದ್ದನೇ? ಅವನು ಇಲ್ಲವೆಂದ. ದಿನಚರಿ ಪುಸ್ತಕ ತೆಗೆದು ತೋರಿಸಿದ. ಬ್ರೇಕಿನ ಕಾಲಮ್ಮಿನಲ್ಲಿ ಜೂನಿನಿಂದ ಅಕ್ಟೋಬರಿನವರೆಗೂ ಓಕೆ, ಓಕೆ, ಓಕೆ. ಒಂದೇ ಪೆನ್ನು, ಒಂದೇ ಓರೆ, ಇಡೀ ತಿಂಗಳದ್ದನ್ನು ಒಂದೇ ಸಲ ಕೂತು ಬರೆದದ್ದೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಆ ಪುಸ್ತಕ ಆಪರೇಟರುಗಳ ಕೈಗೆ ಕೊಡುವ ರೂಢಿಯೇ ಅಲ್ಲಿರಲಿಲ್ಲ. ಅವರು ಬಾಯಲ್ಲಿ ಹೇಳಬೇಕು, ಸೂಪರ್‌ವೈಸರ್ ಬರೆಯಬೇಕು.

ಆಪರೇಟರನ್ನು ಕೇಳಿದರು. ಅವನು ಎದ್ದು ನಿಂತ.

"ಹೇಳಿದ್ದೇನೆ. ಕೇಳಿದವರಿಗೆ ಗೊತ್ತುಂಟು."

ಕೇಳಿದವರು ಯಾರು ಎಂದರು. ಅವನು ನನ್ನ ಕಡೆ ನೋಡಿದ. ಬೆರಳು ತೋರಿಸಲಿಲ್ಲ, ಹೆಸರು ಹೇಳಲಿಲ್ಲ. ಸುಮ್ಮನೆ ನೋಡಿ, ನಾನು ಮಾತಾಡಲೆಂದು ಕಾದ.

ನನ್ನ ಆರು ಪುಟದಲ್ಲಿ ಅದೊಂದು ಇರಲಿಲ್ಲ. ಬೇಕೆಂದೇ ಬಿಟ್ಟದ್ದೋ ಮರೆತದ್ದೋ ಎಂದು ಯಾರಾದರೂ ಕೇಳಿದರೆ, ಬೇಕೆಂದೇ ಮರೆತದ್ದು. ಬಣ್ಣದ ಮೇಲಿಂದ ಅಳೆಯುವುದು ಯಾರಿಗೂ ಆಗಬಹುದಾದ ತಪ್ಪು, ಅದನ್ನು ಒಪ್ಪಿಕೊಂಡರೆ ಮರ್ಯಾದೆ ಬರುತ್ತದೆ. ಇಪ್ಪತ್ತು ವರ್ಷದ ಕೈ ಬಂದು ಬ್ರೇಕು ಒಂದು ಗೇಣು ಜಾರುತ್ತಿದೆ ಎಂದಾಗ ನಾಲ್ಕು ಜನರ ಮುಂದೆ ಗೇಲಿ ಮಾಡಿದ್ದು ಬೇರೆ ಜಾತಿಯ ತಪ್ಪು. ಅದಕ್ಕೆ ಯಾರೂ ತಲೆದೂಗುವುದಿಲ್ಲ. ಪ್ರಶ್ನೆ ನನಗೆ ಕೇಳಿದ್ದಲ್ಲವಲ್ಲ ಎಂದುಕೊಂಡೆ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಮೇಜಿನ ಮೇಲಿನ ಸ್ಪ್ರಿಂಗನ್ನು ಎತ್ತಿ ಚೀಲಕ್ಕೆ ಹಾಕತೊಡಗಿದೆ. ಲಿಖಿತ ದಾಖಲೆ ಇಲ್ಲ ಎಂದು ಗುಮಾಸ್ತ ಬರೆದುಕೊಂಡ. ಆಪರೇಟರ್ ಕೂತ.

ಎರಡು ವಾರಕ್ಕೆ ಆದೇಶ ಬಂತು. ಅಪಘಾತಕ್ಕೆ ಕಾರಣ ತಪ್ಪು ಸ್ಪ್ರಿಂಗು. ಸೂಪರ್‌ವೈಸರಿಗೆ ಎಚ್ಚರಿಕೆ. ನನ್ನ ಸಹಿಯ ಅಧಿಕಾರ, ನಮ್ಮ ಸಂಸ್ಥೆಯ ಒಪ್ಪಿಗೆಯೊಂದಿಗೆ, ಆರು ತಿಂಗಳು ಅಮಾನತು. ಆಪರೇಟರನ್ನು ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದು. ಆದರೆ ಬ್ರೇಕಿನ ದೋಷವನ್ನು ಅರಿತೂ ವರದಿ ಮಾಡದ ಕಾರಣ ಕ್ರೇನು ನಡೆಸುವ ಅನುಮತಿಯನ್ನು ಹಿಂಪಡೆದು, ನೆಲದ ಕೆಲಸಕ್ಕೆ ಹಾಕತಕ್ಕದ್ದು. ಸ್ಪ್ರಿಂಗುಗಳಿಗೆ ಬಣ್ಣ ಬಳಿಯಬಾರದೆಂದು ಒಂದು ಸುತ್ತೋಲೆಯೂ ಹೊರಟಿತು. ಗೋದಾಮಿನವರು ಎಲ್ಲ ಸ್ಪ್ರಿಂಗುಗಳನ್ನೂ ಕೆರೆದು ಬತ್ತಲೆ ಬಿಟ್ಟರು. ಕಡಲಿನ ಗಾಳಿಗೆ ಅವು ತಿಂಗಳೊಳಗೆ ತುಕ್ಕು ಹಿಡಿದವು. ಎಣ್ಣೆ ಸವರಿ ಎಂದು ಸುತ್ತೋಲೆಯಲ್ಲಿ ಬರೆದಿರಲಿಲ್ಲವಂತೆ.

ನಾನು ಒಂದು ಪುಟದ ಪತ್ರ ಬರೆದೆ. ಜೂನಿನಲ್ಲಿ ಆಪರೇಟರ್ ನನಗೆ ಹೇಳಿದ್ದು, ನಾನು ನಕ್ಕದ್ದು, ವಿಚಾರಣೆಯಲ್ಲಿ ಬಾಯಿ ಮುಚ್ಚಿ ಕೂತದ್ದು. ಸಮಿತಿಗೂ ನಮ್ಮ ಮುಖ್ಯಸ್ಥರಿಗೂ ಕಳಿಸಿದೆ. ಮುಖ್ಯಸ್ಥರು ಫೋನ್ ಮಾಡಿ, ಮುಗಿದ ಫೈಲನ್ನು ಯಾಕಪ್ಪಾ ಕೆದಕ್ತೀಯಾ ಎಂದರು. ಸಮಿತಿಯಿಂದ ಎರಡು ಸಾಲು ಬಂತು. ವಿಚಾರಣೆ ಮುಕ್ತಾಯವಾಗಿದೆ, ಹೇಳಿಕೆ ಕೊಡಲು ತಮಗೆ ಅವಕಾಶವಿತ್ತು.

ಹೊಸ ಸ್ಪ್ರಿಂಗು ತಯಾರಕರಿಂದಲೇ ಬಂತು. ಸಹಿ ಹಾಕಲು ಬೇರೆ ಇಂಜಿನಿಯರು, ನಾನು ಬರೀ ನೋಡಲು ಹೋದೆ. ಈ ಸಲ ಬಂದರಿನ ಮತ್ತೊಂದು ತುದಿಯಿಂದ ತೂಕದ ಕಬ್ಬಿಣದ ದಿಮ್ಮಿಗಳನ್ನು ಹೊರಿಸಿ ತಂದು ಒಂದೂಕಾಲು ಪಟ್ಟು ಭಾರ, ಅಂದರೆ ಹದಿನೆಂಟು ಮುಕ್ಕಾಲು ಟನ್ನು ಎತ್ತಿಸಿದರು. ಕ್ಯಾಬಿನ್ನಿನಲ್ಲಿ ಯಾರೋ ಹೊಸಬ. ಕೆಳಗೆ ನಿಂತು ಕೈಸನ್ನೆ ಮಾಡುತ್ತಿದ್ದವನು ಹಳೆಯ ಆಪರೇಟರ್. ಏರಿಸು, ನಿಲ್ಲಿಸು, ಇಳಿಸು. ಭಾರ ನಿಂತಲ್ಲೇ ನಿಂತಿತು. ಒಂದು ಬೆರಳಿನಷ್ಟೂ ಜಾರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಪತ್ರದ ಪ್ರತಿಯನ್ನು ಅವನ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿತ್ತು, ನಿಧಾನವಾಗಿ ಪೂರಾ ಓದಿದ. ಮಡಚಿ ನನಗೇ ವಾಪಸು ಕೊಟ್ಟ.

"ಬರೆದದ್ದು ಚೆನ್ನಾಗುಂಟು ಸಾರ್. ನಾನು ಅಲ್ಲಿ ನಿಂತುಕೊಂಡಿದ್ದೆನಲ್ಲ, ಆಗ ಹೇಳುವುದಕ್ಕೆ ಸಾರಿಗೆ ಒಂದು ಮಾತು ಸಾಕಿತ್ತು."

ಹೊಸಬ ಮೇಲಿನಿಂದ ಕೂಗಿ ಏನೋ ಕೇಳಿದ. ಅವನು ತಲೆ ಎತ್ತಿ, ಕೈ ಮೇಲೆ ಮಾಡಿ, ಕೊಕ್ಕೆ ಏರಿಸುವ ಸನ್ನೆ ಮಾಡುತ್ತಾ ಲಾರಿಯ ಕಡೆಗೆ ನಡೆದ.